ಗದ್ದಲಕ್ಕೊಂದು ಕಟ್ಟುಪಾಡು: ಅಕ್ಕಪಕ್ಕದವರೆಲ್ಲ ಸೇರಿ ನಿಯಮ ಬರೆಯುವುದು ಹೇಗೆ?

ರಾತ್ರಿ ಹನ್ನೊಂದೂವರೆ ಆದರೆ ಸಾಕು, ಗೋಡೆಯೊಳಗಿಂದ 'ಗುಂಯ್' ಅಂತ ಸದ್ದು ಶುರುವಾಗುತ್ತಿತ್ತು. ಹಿಂದೆ ನಾನಿದ್ದ ಬಾಡಿಗೆ ಮನೆಯ ಮಾತಿದು. ಮೇಲಿನ ಮನೆಯವರು ಹೊತ್ತಲ್ಲದ ಹೊತ್ತಲ್ಲಿ ವಾಷಿಂಗ್ ಮೆಷಿನ್ ಹಾಕುತ್ತಾರೆ ಅಂತ ನಂಬಿಬಿಟ್ಟಿದ್ದೆ. ಮೆಟ್ಟಿಲಲ್ಲಿ ಎದುರಾದರೂ ಮುಖ ತಿರುಗಿಸುತ್ತಿದ್ದೆ. ಕೊನೆಗೆ ಹತ್ತು ದಿನ ಸುಮ್ನೆ ಟೈಮ್ ಬರೆದಿಟ್ಟೆ. ಆಗ ಗೊತ್ತಾಯಿತು, ತಾರಸಿಯ ಟ್ಯಾಂಕಿಗೆ ನೀರು ಏರಿಸುವ ಹೊತ್ತಿಗೇ ಸದ್ದು ಬರುತ್ತಿದೆ. ಪಂಪಿನ ಪೈಪನ್ನು ಕ್ಲಾಂಪ್ ಹಾಕಿ ನೇರವಾಗಿ ಗೋಡೆಗೆ ಬಿಗಿದಿದ್ದರು. ನಡುವೆ ಒಂದು ರಬ್ಬರ್ ತುಂಡೂ ಇರಲಿಲ್ಲ. ಮೇಲಿನ ಮನೆಯವರಿಗೂ ಅದೇ ಸದ್ದಿನಿಂದ ನಿದ್ದೆ ಇರಲಿಲ್ಲ. ಅದು ನನ್ನದೇ ಕೆಲಸ ಅಂತ ಅವರು ಅಂದುಕೊಂಡಿದ್ದರು.

ಆ ತಿಂಗಳುಗಳನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಒಂದು ಕಟ್ಟಡದಲ್ಲೋ ಬೀದಿಯಲ್ಲೋ ಒಟ್ಟಿಗೆ ಬಾಳುವವರಿಗೆ ಸದ್ದಿನ ನಿಯಮ ಬೇಕೇ ಬೇಕು. ಆದರೆ ಅದು ಎಂಥ ನಿಯಮವಾಗಿರಬೇಕು? ಸದ್ದು ಮಾಡುವವರು ಓದಿದರೂ, ಮಲಗುವವರು ಓದಿದರೂ ಒಂದೇ ಅರ್ಥ ಕೊಡುವಂಥದ್ದು. ಹಾಗೆ ಬರೆಯುವ ದಾರಿ ಇಲ್ಲಿದೆ.

ಮೊದಲು ಬರೆದಿಡಿ

ನಿಯಮಕ್ಕಿಂತ ಮೊದಲು ಲೆಕ್ಕ. ತೊಂದರೆ ಆಗುತ್ತಿರುವ ಮನೆಯವರೆಲ್ಲ ಎರಡು ವಾರ ಒಂದು ನೋಟ್‌ಬುಕ್ ಇಡಿ. ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಎಂಥ ಸದ್ದು, ಯಾವ ಕೋಣೆಯಲ್ಲಿ ಕೇಳಿಸಿತು, ಕಿಟಕಿ ತೆಗೆದಿತ್ತೋ ಮುಚ್ಚಿತ್ತೋ ಎಂದು ಬರೆಯಿರಿ. ಅದರಿಂದ ಏನು ಕೆಟ್ಟಿತು ಅನ್ನುವುದನ್ನೂ ಬರೆಯಿರಿ. 'ಬುಧವಾರ, ರಾತ್ರಿ 10.50ರಿಂದ 11.35, ಸ್ಪೀಕರಿನ ದಪ್ಪ ಸದ್ದು, ಮಲಗುವ ಕೋಣೆ, ಕಿಟಕಿ ಮುಚ್ಚಿತ್ತು, ಮಗು ಎರಡು ಸಲ ಎದ್ದಿತು.' ಇಷ್ಟು ಸಾಕು. 'ಯಾವಾಗಲೂ ಗಲಾಟೆ ಮಾಡ್ತಾರೆ' ಅನ್ನುವ ಸಾಲಿನಿಂದ ಯಾರಿಗೂ ಉಪಯೋಗವಿಲ್ಲ.

ಎರಡು ವಾರ ಆದ ಮೇಲೆ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹತ್ತಾರು ದೂರುಗಳ ಹಿಂದೆ ಮೂರೋ ನಾಲ್ಕೋ ಮೂಲಗಳಷ್ಟೇ ಇರುವುದು ಸಾಮಾನ್ಯ. ನಮ್ಮ ಪಂಪಿನ ಹಾಗೆ ಯಾರದ್ದೂ ಅಲ್ಲದ ಸದ್ದೂ ಅದರಲ್ಲಿ ಇರಬಹುದು.

ಡೆಸಿಬಲ್ ಅರ್ಥ ಮಾಡಿಕೊಳ್ಳಿ

ನಿಯಮ ಬರೆಯುವ ಸಭೆಯಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಸದ್ದು ಎಷ್ಟು ಜೋರು ಅಂತ ಅಳೆಯುವ ಡೆಸಿಬಲ್ಲನ್ನು ಕಿಲೋ, ಮೀಟರಿನ ಹಾಗೆ ಕೂಡಲು ಬರುವುದಿಲ್ಲ. 50 ಡೆಸಿಬಲ್ ಸದ್ದು ಮಾಡುವ ಎರಡು ಯಂತ್ರ ಒಟ್ಟಿಗೆ ಓಡಿದರೆ 100 ಆಗುವುದಿಲ್ಲ, 53 ಆಗುತ್ತದೆ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ನಮ್ಮ ಕಿವಿಗೆ ಅದು ಸುಮಾರು ಎರಡರಷ್ಟು ಜೋರಾಗಿ ಕೇಳಿಸುತ್ತದೆ. ಹಾಗಾಗಿ 'ಬರೀ 10 ತಾನೇ ಜಾಸ್ತಿ' ಅನ್ನುವ ವಾದ ಒಪ್ಪಬೇಡಿ.

ದೂರದ ಲೆಕ್ಕವೂ ಉಪಯೋಗಕ್ಕೆ ಬರುತ್ತದೆ. ಬಯಲಲ್ಲಿ ಇಟ್ಟ ಯಂತ್ರದಿಂದ ನೀವು ಎರಡರಷ್ಟು ದೂರ ಹೋದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕಿಟಕಿಯಿಂದ 5 ಮೀಟರಿನಲ್ಲಿರುವ ಜನರೇಟರನ್ನು 20 ಮೀಟರಿಗೆ ಸರಿಸಿದರೆ ಸುಮಾರು 12 ಡೆಸಿಬಲ್ ಕಡಿಮೆ. ಗೋಡೆಗಳು ಎದುರುಬದುರು ಇರುವ ಇಕ್ಕಟ್ಟಿನ ಜಾಗದಲ್ಲಿ ಸದ್ದು ಪ್ರತಿಫಲಿಸುವುದರಿಂದ ಅಷ್ಟು ಇಳಿಯುವುದಿಲ್ಲ.

ಮೊಬೈಲ್ ಆ್ಯಪಿನಲ್ಲಿ ಅಳೆಯಬಹುದೇ? ಹೋಲಿಸಿ ನೋಡಲು ಅಳೆಯಬಹುದು. ಅದೇ ಫೋನು, ಅದೇ ಜಾಗ, ಸದ್ದು ಇದ್ದಾಗ ಒಂದು ಸಲ, ಇಲ್ಲದಾಗ ಒಂದು ಸಲ. ಆದರೆ ಕಾನೂನಿನ ಮುಂದೆ ನಿಲ್ಲುವುದು ಸರಿಯಾಗಿ ಹೊಂದಿಸಿ ಪರೀಕ್ಷಿಸಿದ ಮೀಟರಿನ ಅಳತೆ. ಇನ್ನೊಂದು ವಿಷಯ. ಸಾಮಾನ್ಯವಾಗಿ ಬಳಸುವ 'ಡಿಬಿ ಎ' (ಡೆಸಿಬಲ್ ಎ) ಅಳತೆ ತಗ್ಗು ದನಿಯ ಸದ್ದನ್ನು ಕಡಿಮೆ ಮಾಡಿ ತೋರಿಸುತ್ತದೆ. ಎದೆಗೆ ಬಡಿಯುವ ಬಾಸ್ ಸದ್ದಿಗೆ ಮೀಟರಿನಲ್ಲಿ ಸಣ್ಣ ಅಂಕಿ ಬಂದರೆ, ದೂರು ಕೊಟ್ಟವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ. ದಯವಿಟ್ಟು ಅವರ ಕೋಣೆಯಲ್ಲಿ ಹತ್ತು ನಿಮಿಷ ಕೂತು ಕೇಳಿ.

ದೊಡ್ಡ ಕಾನೂನು ಏನನ್ನುತ್ತದೆ, ನೋಡಿ

ನಿಮ್ಮ ನಿವಾಸಿಗಳ ಸಂಘದ ನಿಯಮ ಸರ್ಕಾರದ ಕಾನೂನಿಗಿಂತ ಸಡಿಲವಾಗಿರಲು ಬರುವುದಿಲ್ಲ. ಭಾರತದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಜರ್ಮನಿಯ ಹೆಚ್ಚಿನ ಕಡೆಯೂ ರಾತ್ರಿಯ ನಿಶ್ಶಬ್ದದ ಹೊತ್ತು 10ರಿಂದ 6. ನಿದ್ದೆ ಕೆಡಬಾರದು ಅಂದರೆ ಮಲಗುವ ಕೋಣೆಯೊಳಗೆ ಒಂದೇ ಸಮನೆ ಬರುವ ಸದ್ದು 30, ಥಟ್ಟನೆ ಬರುವ ಸದ್ದು 45 ಡೆಸಿಬಲ್ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 1999ರ ಮಾರ್ಗಸೂಚಿಯಲ್ಲಿ ಹೇಳಿದೆ.

ಈಗ ನಿಯಮ ಬರೆಯಿರಿ

ಸಭೆಗೆ ರಾತ್ರಿ ಪಾಳಿಯಲ್ಲಿ ದುಡಿಯುವವರನ್ನು ಮರೆಯದೆ ಕರೆಯಿರಿ. ಅವರಿಗೆ ಹಗಲೇ ರಾತ್ರಿ. ಹಾಡು, ವಾದ್ಯ ಅಭ್ಯಾಸ ಮಾಡುವವರೂ ಬರಲಿ. ಅವರಿಲ್ಲದೆ ಬರೆದ ನಿಯಮ ಅವರ ಮೇಲೆ ಹೇರಿದ ಹಾಗಾಗುತ್ತದೆ.

'ಯಾರೂ ಅತಿಯಾದ ಸದ್ದು ಮಾಡಬಾರದು' ಅಂತ ಬರೆದರೆ ಬರೆಯದ ಹಾಗೇ. ಯಾವುದು ಅತಿ? ಯಾರ ಕಿವಿಗೆ? ಪ್ರತಿ ನಿಯಮದಲ್ಲೂ ನಾಲ್ಕು ಮಾತಿರಲಿ: ಯಾವ ಸದ್ದು, ಯಾವ ಹೊತ್ತು, ಎಲ್ಲಿ ನಿಂತು ಕೇಳಬೇಕು, ಮೀರಿದರೆ ಮುಂದೇನು.

ನ್ಯೂಯಾರ್ಕ್ ನಗರದ ನಾಯಿ ಬೊಗಳುವ ನಿಯಮ ಇದಕ್ಕೆ ಒಳ್ಳೆಯ ಮಾದರಿ. ಬೆಳಗ್ಗೆ 7ರಿಂದ ರಾತ್ರಿ 10ರ ತನಕ ಪಕ್ಕದ ಮನೆಯೊಳಗೆ ಸ್ಪಷ್ಟವಾಗಿ 10 ನಿಮಿಷ ಬಿಡದೆ ಕೇಳಿಸಿದರೆ ತಪ್ಪು. ರಾತ್ರಿಯಾದರೆ 5 ನಿಮಿಷ. ಮೀಟರ್ ಬೇಡ, ಗಡಿಯಾರ ಸಾಕು. ನಾಯಿ ಸಾಕಿದವರಿಗೂ ಎಷ್ಟು ಹೊತ್ತಿನೊಳಗೆ ಸಮಾಧಾನ ಮಾಡಬೇಕು ಅಂತ ಗೊತ್ತು. ನನಗೆ ಈ ನಿಯಮ ತುಂಬಾ ಇಷ್ಟ.

ಸಂಗೀತಕ್ಕೆ ಹೀಗೆ ಬರೆಯಬಹುದು: 'ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಒಂದು ಮನೆಯ ಟಿವಿ, ಸ್ಪೀಕರ್, ವಾದ್ಯದ ಸದ್ದು, ಬಾಗಿಲು ಕಿಟಕಿ ಮುಚ್ಚಿದ ಇನ್ನೊಂದು ಮನೆಯ ಮಲಗುವ ಕೋಣೆಯಲ್ಲಿ ಕೇಳಿಸಬಾರದು. ಕೇಳಿಸಿದರೆ ಮೊದಲು ಮನೆಯವರಿಗೆ ಹೇಳಬೇಕು. ಒಂದೇ ತಿಂಗಳಲ್ಲಿ ಮೂರು ಸಲ ಆದರೆ ಸಂಘ ಬರಹದಲ್ಲಿ ತಿಳಿಸುತ್ತದೆ.' ಡ್ರಿಲ್ಲಿಂಗ್, ಟೈಲ್ಸ್ ಕತ್ತರಿಸುವ ಕೆಲಸಕ್ಕೆ ಬೇರೆ ಹೊತ್ತು ಹಾಕಿ, ಕನಿಷ್ಠ ಎರಡು ದಿನ ಮೊದಲೇ ನೋಟಿಸ್ ಬೋರ್ಡಿನಲ್ಲಿ ಬರೆಯಲಿ.

ಯಾವುದು ನಿಯಮಕ್ಕೆ ಸೇರುವುದಿಲ್ಲ ಅನ್ನುವುದನ್ನೂ ಬಿಡಿಸಿ ಬರೆಯಿರಿ. ಮಗು ಅಳುವುದು, ಕಾಯಿಲೆಯವರ ನರಳಾಟ, ಗಾಲಿಕುರ್ಚಿ, ಊರುಗೋಲಿನ ಸದ್ದು, ಆಂಬುಲೆನ್ಸ್, ಒಡೆದ ಪೈಪಿನ ರಿಪೇರಿ, ಇವು ಯಾವುವೂ ದೂರಾಗಬಾರದು. ರಾತ್ರಿಯಿಡೀ ಅಳುವ ಮಗುವನ್ನು ಎತ್ತಿಕೊಂಡು ಓಡಾಡುವ ತಾಯಿಗೆ ನೋಟಿಸ್ ಕೊಡುವ ಸಂಘ ನಮಗೆ ಬೇಡ.

ಬಾಗಿಲು ತಟ್ಟುವಾಗ

ಸದ್ದು ಆಗುತ್ತಿರುವಾಗಲೇ ಸಿಟ್ಟಿನಲ್ಲಿ ಹೋಗಬೇಡಿ. ಮಾರನೇ ದಿನ ಸಂಜೆ ಹೋಗಿ. 'ನಿಮ್ಮ ಮೇಲೆ ದೂರು ಹೇಳೋಕೆ ಬಂದಿಲ್ಲ. ನಿನ್ನೆ ಹನ್ನೊಂದು ಗಂಟೆಗೆ ಕುರ್ಚಿ ಎಳೆದ ಸದ್ದು ನಮ್ಮ ಕೋಣೆಗೆ ತುಂಬಾ ಕೇಳಿಸ್ತು. ಮೇಲಿದ್ದವರಿಗೆ ಅದು ಗೊತ್ತಾಗಲ್ಲ, ಅಲ್ವಾ? ಒಂದ್ಸಲ ಕೆಳಗೆ ಬಂದು ಕೇಳ್ತೀರಾ?' ಕೆಳಗೆ ಕರೆಯುವುದು ಮುಖ್ಯ. ಒಮ್ಮೆ ತಾವೇ ಕೇಳಿದವರಿಗೆ ಮತ್ತೆ ವಿವರಿಸಬೇಕಾಗುವುದಿಲ್ಲ.

ಪರಿಹಾರ ಹೆಚ್ಚಿನ ಸಲ ಸಣ್ಣದು. ಕುರ್ಚಿ ಕಾಲಿಗೆ ಫೆಲ್ಟ್ ತುಂಡು. ವಾಷಿಂಗ್ ಮೆಷಿನ್ ಕೆಳಗೆ ದಪ್ಪ ರಬ್ಬರ್ ಪ್ಯಾಡ್. ಸ್ಪೀಕರ್ ನೆಲದ ಮೇಲಾಗಲಿ, ಇಬ್ಬರಿಗೂ ಸೇರಿದ ಗೋಡೆಗೆ ಒತ್ತಿಯಾಗಲಿ ಬೇಡ. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಗಾಳಿಯಲ್ಲಿ ಬರುವ ಸದ್ದು ಕಡಿಮೆಯಾಗುತ್ತದೆ. ದಪ್ಪ ಪರದೆಯಿಂದ ಜಾಸ್ತಿ ನಿರೀಕ್ಷೆ ಬೇಡ. ಅದು ಕೋಣೆಯೊಳಗಿನ ಮೊಳಗನ್ನು ತಗ್ಗಿಸುತ್ತದೆ, ಹೊರಗಿನದನ್ನು ಅಷ್ಟಾಗಿ ತಡೆಯುವುದಿಲ್ಲ.

ಮಾತಿಗೆ ಜಗ್ಗದಿದ್ದರೆ ಸಂಘದ ಮೂಲಕ ಬರಹದಲ್ಲಿ ತಿಳಿಸಿ. ಅದಕ್ಕೂ ಆಗದಿದ್ದರೆ ಪೊಲೀಸರಿಗೋ ಸಂಬಂಧಪಟ್ಟ ಅಧಿಕಾರಿಗೋ ದೂರು ಕೊಡಿ. ಆಗ ನೋಟ್‌ಬುಕ್ಕಿನ ಪ್ರತಿ ಜೊತೆಗಿರಲಿ. ಹೆದರಿಕೆ, ಬೆದರಿಕೆ ಇದ್ದ ಕಡೆ ಮಾತ್ರ ಒಬ್ಬರೇ ಬಾಗಿಲು ತಟ್ಟಬೇಡಿ, ನೇರವಾಗಿ ದೂರು ಕೊಡಿ.

ಮೂರು ತಿಂಗಳು ನೋಡಿ

ಮೊದಲ ಸಲ ಬರೆದದ್ದು ಪೂರ್ತಿ ಸರಿ ಇರುವುದಿಲ್ಲ. ಮೂರು ತಿಂಗಳ ಪ್ರಯೋಗ ಅಂತಲೇ ಶುರು ಮಾಡಿ. ಕೊನೆಯ ಎರಡು ವಾರ ಮತ್ತೆ ನೋಟ್‌ಬುಕ್ ತೆಗೆದು, ಹಳೆಯದರ ಪಕ್ಕ ಇಟ್ಟು, ಬೇಕಾದ್ದನ್ನು ತಿದ್ದಿ. ನಮ್ಮ ಕಟ್ಟಡದಲ್ಲಿ ಕ್ಲಾಂಪಿಗೆ ರಬ್ಬರ್ ಹಾಕಿ, ಪಂಪಿನ ಹೊತ್ತನ್ನು ಸಂಜೆ ಆರಕ್ಕೆ ಬದಲಿಸಿದೆವು. ಮುಂದಿನ ಎರಡು ವಾರ ನನ್ನ ಪುಸ್ತಕದಲ್ಲಿ ಬರೀ ತಾರೀಖುಗಳಿದ್ದವು. ಮೇಲಿನ ಮನೆಯವರಿಗೆ ಅದನ್ನು ತೋರಿಸಲು ನಾನೇ ಮೆಟ್ಟಿಲು ಹತ್ತಿ ಹೋಗಿದ್ದೆ.