ಗೋಡೆಗೆ ತೂಗುಹಾಕು ಎಂದಿದ್ದ 1917 ರಿವಾಲ್ವರಿನಿಂದ ಗುರಿ ಹೊಡೆಸಿದ್ದು

ನಳಿಗೆಯಲ್ಲಿ ಇಷ್ಟೊಂದು ತುಕ್ಕಿನ ಗುಳಿಗಳಿರುವ ಸ್ಮಿತ್ ಅಂಡ್ ವೆಸನ್ 1917 ಮಾದರಿಯ ರಿವಾಲ್ವರಿಗೆ ಸೀಸದ ಗುಂಡು ಹಾಕಬೇಡ, ಸುಮ್ಮನೆ ಗೋಡೆಗೆ ತೂಗುಹಾಕು ಎಂದು ಗುರಿ ಹೊಡೆಯುವ ರೇಂಜಿನಲ್ಲಿ ನನಗೆ ಬುದ್ಧಿ ಹೇಳದವರು ಕಡಿಮೆ. ಈಗ ಅದೇ ರಿವಾಲ್ವರನ್ನು ಮರಳುಚೀಲದ ಮೇಲಿಟ್ಟು ಹೊಡೆದರೆ 25 ಗಜದಲ್ಲಿ ಆರೂ ಗುಂಡುಗಳು ಎರಡೂವರೆ ಇಂಚಿನ ಆಸುಪಾಸಿನಲ್ಲಿ ಬೀಳುತ್ತವೆ. ಕೈ ಚೆನ್ನಾಗಿದ್ದ ದಿನ ಇನ್ನೂ ಒತ್ತಾಗಿ. ನೂರು ಈಡಾದ ಮೇಲೆ ನಳಿಗೆಯೊಳಗೆ ಬಟ್ಟೆ ತಳ್ಳಿದರೆ ಮಸಿ ಬರುತ್ತದೆ, ಸೀಸದ ಸಿಬಿರು ಬರುವುದಿಲ್ಲ. ಬುದ್ಧಿ ಹೇಳಿದವರಲ್ಲಿ ಇಬ್ಬರು ಈಗ ನಾನು ಗುಂಡು ಎರೆಯುವ ಅಚ್ಚನ್ನು ಎರವಲು ಕೇಳುತ್ತಿದ್ದಾರೆ. ಕೊಟ್ಟಿಲ್ಲ.

ಇದು 1937ರಲ್ಲಿ ಬ್ರೆಜಿಲ್ ಸೇನೆಗೆಂದು ಒಪ್ಪಂದವಾದ 25,000ದಲ್ಲಿ ಒಂದು. ಬಲಗಡೆಯ ಪಕ್ಕಫಲಕದ ಮೇಲೆ ಆ ದೇಶದ ಲಾಂಛನವಿದೆ. ದಶಕಗಳ ನಂತರ ಇವು ಅಮೆರಿಕಕ್ಕೆ ಮರಳಿ ಬಂದಾಗ ಅಗ್ಗವಾಗಿದ್ದವು. ನಾನು ಕೊಳ್ಳುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಆರುನೂರು ಡಾಲರಿಗೆ ಸ್ವಲ್ಪ ಒಳಗೆ ಸಿಕ್ಕಿತು, ಅದೂ ನಳಿಗೆಯ ಸ್ಥಿತಿ ನೋಡಿ ಬೇರೆ ಯಾರೂ ಕೈ ಎತ್ತದ್ದರಿಂದ. ಹಳೆಯ ಗನ್ ಸಂಗ್ರಾಹಕರಿಗೆ ಅಮೆರಿಕ ಸರ್ಕಾರ ಕೊಡುವ ಪರವಾನಗಿ ಇದ್ದುದರಿಂದ ಪೆಟ್ಟಿಗೆ ನೇರವಾಗಿ ಮನೆಗೇ ಬಂತು. ಮೂರು ವರ್ಷಕ್ಕೆ 30 ಡಾಲರ್ ಶುಲ್ಕದ ಆ ಕಾಗದವನ್ನು ಐವತ್ತು ವರ್ಷ ದಾಟಿದ ಗನ್‌ಗಳ ಹುಚ್ಚಿರುವ ಯಾರೂ ಮಾಡಿಸದೆ ಇರಬಾರದು. ಅದಿಲ್ಲದಿದ್ದರೆ ಅಂಗಡಿಯವನಿಗೆ ಕೊಡಬೇಕಾದ ವರ್ಗಾವಣೆ ಶುಲ್ಕದಲ್ಲೇ ಅದರ ದುಡ್ಡು ವಾಪಸು ಬರುತ್ತದೆ.

ಯಂತ್ರಭಾಗ ಗಟ್ಟಿಯಾಗಿತ್ತು. ಆರು ತೋಟಾ ಕೂರುವ ಸಿಲಿಂಡರ್ ಹಿಂದೆ ಮುಂದೆ ಸ್ವಲ್ಪ ಆಡುತ್ತಿತ್ತು, 0.002 ಇಂಚಿನ ಎರಡು ತೆಳು ವಾಷರ್ ಹಾಕಿದ ಮೇಲೆ ನಿಂತಿತು. ಪಕ್ಕಫಲಕವನ್ನು ಮೀಟಿ ತೆಗೆಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಸ್ಕ್ರೂ ಬಿಚ್ಚಿ, ಮರದ ಹಿಡಿಯಿಂದ ಚೌಕಟ್ಟಿಗೆ ನಾಲ್ಕು ಬಾರಿ ತಟ್ಟಿದರೆ ಅದೇ ಎದ್ದು ಬರುತ್ತದೆ.

ತೊಂದರೆ ಶುರುವಾದದ್ದು ಗುಂಡಿನಲ್ಲಿ. ಮೊದಲು ಅಂಗಡಿಯ 230 ಗ್ರೇನ್ (ಗುಂಡಿನ ತೂಕದ ಅಳತೆ) ತಾಮ್ರಕವಚದ ಗುಂಡು: ಐದಾರು ಇಂಚು ಹರಡಿತು. ಆಮೇಲೆ ಅಂಚೆಯಲ್ಲಿ ತರಿಸಿದ 0.452 ಇಂಚು ವ್ಯಾಸದ ಗಟ್ಟಿ ಎರಕದ ಸೀಸದ ಗುಂಡು: ಹರವು ಕಡಿಮೆಯಾಗಲಿಲ್ಲ, ನಳಿಗೆಯ ಮೊದಲ ಒಂದು ಇಂಚು ಸೀಸದಿಂದ ಬೆಳ್ಳಗಾಯಿತು. ಸೀಸ ಕಟ್ಟಿದರೆ ಇನ್ನೂ ಗಟ್ಟಿ ಗುಂಡು ಹಾಕು ಎನ್ನುವುದು ರೇಂಜಿನ ಹಳೆಯ ಮಂತ್ರ. ಹಾಕಿದೆ, ಇನ್ನೂ ಹೆಚ್ಚು ಕಟ್ಟಿತು. ಗುಂಡಿಗೆ ಬಣ್ಣದ ಪುಡಿಯ ಲೇಪ ಕೊಟ್ಟು ಒಲೆಯಲ್ಲಿ ಬೇಯಿಸಿದ್ದೂ ಆಯಿತು. ಸೀಸ ಕಟ್ಟುವುದು ನಿಂತಿತು, ಆದರೆ ಗುಂಪು, ಅಂದರೆ ಗುಂಡುಗಳ ಹರವು, ಮಾತ್ರ ಅಂಗೈಯಗಲವೇ ಉಳಿಯಿತು. ಇಷ್ಟರಲ್ಲಿ ಗುಂಡು, ಪುಡಿ, ಹಳೆಯ ಟೋಸ್ಟರ್ ಒಲೆ, ಎಲ್ಲ ಸೇರಿ ಇನ್ನೂರೈವತ್ತು ಡಾಲರ್ ಹೋಗಿರಬೇಕು. ಮದ್ದಿಗೆ ಕಿಡಿ ಹಚ್ಚುವ ಪ್ರೈಮರಿನ ಲೆಕ್ಕ ಬೇರೆ: 2021ರ ಬರದಲ್ಲಿ ಸಾವಿರಕ್ಕೆ ನೂರು ಡಾಲರ್ ಕೊಟ್ಟದ್ದು ಇನ್ನೂ ಉರಿಯುತ್ತದೆ.

ಉತ್ತರ ಸಿಕ್ಕಿದ್ದು ನಳಿಗೆಯಲ್ಲಿ ಅಲ್ಲ, ಸಿಲಿಂಡರಿನ ಕೊರಳಿನಲ್ಲಿ, ಅಂದರೆ ಗುಂಡು ಹೊರಬೀಳುವ ಮುಂದಿನ ಬಾಯಲ್ಲಿ. ಸಿಲಿಂಡರ್ ಬಿಚ್ಚಿ ಕೈಯಲ್ಲಿ ಹಿಡಿದು, ಆ 0.452ರ ಗುಂಡನ್ನು ಹಿಂದಿನಿಂದ ಹಾಕಿದರೆ ಎಲ್ಲಿಯೂ ತಡೆಯದೆ ಮುಂದಿನ ಬಾಯಿಂದ ಟಪ್ಪೆಂದು ಮೇಜಿನ ಮೇಲೆ ಬಿತ್ತು. ಆರು ಮನೆಯಲ್ಲೂ ಹಾಗೆಯೇ. ಪಿನ್ ಗೇಜಿನಲ್ಲಿ ಅಳೆದಾಗ ಕೊರಳುಗಳು 0.4545 ಇಂಚಿನ ಹತ್ತಿರ, ನಳಿಗೆಯೊಳಗಿನ ಸುರುಳಿ ತೋಡುಗಳ ವ್ಯಾಸ 0.451. ಅಂದರೆ ಗುಂಡು ನಳಿಗೆ ಮುಟ್ಟುವ ಮೊದಲೇ ಬೆಂಕಿ ಅದರ ಪಕ್ಕೆಯನ್ನು ಸವರಿ ಮುಂದೆ ಓಡುತ್ತಿತ್ತು. ಕರಗಿದ ಸೀಸ ಹೋಗಿ ಅಂಟುತ್ತಿದ್ದುದು ನಳಿಗೆಯ ಮೊದಲ ಇಂಚಿಗೆ. ಗುಳಿಗಳ ಮೇಲೆ ಎಲ್ಲರೂ ಹೊರಿಸಿದ್ದ ಅಪವಾದ ಸುಳ್ಳು. ಕೊರಳಿಗೆ ತಕ್ಕ ದಪ್ಪ, ಮೆತ್ತನೆಯ ಲೋಹ, ನಿಧಾನದ ವೇಗ: ನನ್ನ ವಿಧಾನವೆಲ್ಲ ಇಷ್ಟೇ. ಹೇಳಿದಾಗ ನಕ್ಕವರಿದ್ದರು. 0.451ರ ನಳಿಗೆಗೆ 0.454ರ ಗುಂಡು ತುರುಕಿದರೆ ಗನ್ ಒಡೆಯುತ್ತದೆ ಎಂದರು. ಮೆತ್ತನೆಯ ಸೀಸ, ಹಗುರ ಮದ್ದು, ಹೊರಗೆ ಬಿಡುವಷ್ಟು ಕೊರಳು ಇದ್ದಾಗ ಒಡೆಯುವುದಿಲ್ಲ. ಕೊರಳಿಗಿಂತ ದಪ್ಪ ಗುಂಡು ಹಾಕಿದರೆ ಆ ಮಾತು ಬೇರೆ.

ದಪ್ಪ ಗುಂಡಿನ ಅಚ್ಚು ಸಿಗುವುದೇ ಒಂದು ರಗಳೆ. 0.455 ಎಂದು ಹೇಳಿ ನೂರಹತ್ತು ಡಾಲರ್ ತೆಗೆದುಕೊಂಡ ಒಬ್ಬ ತಯಾರಕನ ಅಚ್ಚು 0.4525 ಉದುರಿಸಿತು. ವಾಪಸು ಕಳಿಸಿ, ಪತ್ರ ಬರೆದು, ಎರಡು ಮೂರು ತಿಂಗಳು ಕಾದು, ಮತ್ತೆ ಅದೇ ಅಳತೆ. ಕೊನೆಗೆ ಹಳೆಯ ಉಪಾಯವೇ ಗತಿಯಾಯಿತು: ಶಾಖ ತಡೆಯುವ ಅಲ್ಯೂಮಿನಿಯಂ ಟೇಪಿನ ಸಣ್ಣ ಚೂರುಗಳನ್ನು ಅಚ್ಚಿನ ಎರಡು ಹೋಳುಗಳ ನಡುವೆ ಅಂಟಿಸಿದೆ. ಗುಂಡು ಒಂದಿಷ್ಟು ಅಂಡಾಕಾರವಾಗಿ ಬಿತ್ತು. ಅಳತೆಗೆ ತರುವ 0.454ರ ಡೈಯಲ್ಲಿ ಒತ್ತಿದಾಗ ದುಂಡಗಾಯಿತು. ಎಷ್ಟು ಚೂರು, ಎಲ್ಲೆಲ್ಲಿ ಎಂಬುದನ್ನು ನನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ, ಅಲ್ಲಿಯೇ ಇರಲಿ. ಲೋಹ ಇಪ್ಪತ್ತೈದು ಪಾಲು ಸೀಸಕ್ಕೆ ಒಂದು ಪಾಲು ತವರ. ಕಾರಿನ ಚಕ್ರದ ಸಮತೋಲನಕ್ಕೆ ಹಾಕುವ ತೂಕದ ತುಂಡುಗಳ ಗಟ್ಟಿ ಸೀಸವನ್ನು ರೈಫಲ್ಲಿಗೆಂದು ಎತ್ತಿಟ್ಟೆ. ಗುಂಡಿಗೆ ಹಚ್ಚುವ ಜಿಡ್ಡಿನಲ್ಲಿ ಜೇನುಮೇಣವಿದೆ, ಲ್ಯಾನೊಲಿನ್ ಇದೆ. ಮೂರನೆಯ ಪದಾರ್ಥವನ್ನು ಹೇಳುವಷ್ಟು ಉದಾರಿ ನಾನಲ್ಲ.

ಇಷ್ಟಾದರೂ ಮೊದಲ ಕಂತು ಸೀಸ ಕಟ್ಟಿತು. ಇಲ್ಲಿಯೇ ಬಹಳ ಜನ ಕೈಚೆಲ್ಲುತ್ತಾರೆ. ತುಂಬಿದ ತೋಟಾದಿಂದ ಗುಂಡು ಕಿತ್ತು ಮೈಕ್ರೋಮೀಟರಿಗೆ ಹಿಡಿದೆ: 0.452! ಒಳಗೆ ಹೋದದ್ದು 0.454, ಹೊರಬಂದದ್ದು 0.452. ಮೆತ್ತನೆಯ ಗುಂಡನ್ನು ಹಿತ್ತಾಳೆಯ ಕೇಸೇ ಹಿಸುಕಿ ಸಣ್ಣದು ಮಾಡುತ್ತಿತ್ತು. ಈ ರಿವಾಲ್ವರಿನ ತೋಟಾ .45 ಎಸಿಪಿ. ಅದನ್ನು ತುಂಬುವ ಡೈಯಲ್ಲಿ ಕೇಸಿನ ಬಾಯಿ ಅಗಲಿಸುವ ಮೊಳೆ ಕವಚದ ಗುಂಡಿಗೆಂದು ಮಾಡಿದ್ದು, ಅದು ತೆಳು. .45 ಕೋಲ್ಟ್ ಡೈಯ ದಪ್ಪ ಮೊಳೆಯನ್ನು ತಂದು ಹಾಕಿದೆ. ಕೇಸಿನ ಬಾಯಂಚನ್ನು ಅಮುಕುವ ಬದಲು ಮೆಲ್ಲಗೆ ಒಳಕ್ಕೆ ಸುರುಳಿ ಮಾಡಿದೆ. ಆ ವಾರದಿಂದಲೇ ಗುಂಪು ಅರ್ಧಕ್ಕಿಳಿಯಿತು. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಈ ಮೊಳೆಯನ್ನು ಇಟ್ಟುಕೊಳ್ಳಿ. ಹದಿನೈದು ಡಾಲರಿನ ವಸ್ತು.

ನಾನು ಬಳಸುವ ತೋಟಾ ಮಾತ್ರ ಆಟೋ ರಿಮ್. ಬುಡದಲ್ಲಿ ಚಾಚಿದ ಅಂಚಿಲ್ಲದ .45 ಎಸಿಪಿಯನ್ನು ರಿವಾಲ್ವರಿನಿಂದ ಹೊರತೆಗೆಯಲು 1917ರಲ್ಲಿ ಮೂರು ಮೂರು ತೋಟಾ ಹಿಡಿಯುವ ಅರ್ಧಚಂದ್ರ ಕ್ಲಿಪ್ ಬಂತು. 1920ರಲ್ಲಿ ಪೀಟರ್ಸ್ ಕಂಪನಿ ದಪ್ಪ ಅಂಚಿನ ಆಟೋ ರಿಮ್ ತಂದು ಆ ಕಾಟ ತಪ್ಪಿಸಿತು. ಕ್ಲಿಪ್ಪಿಗೂ ಕೇಸಿಗೂ ಅಳತೆ ಹೊಂದದಿದ್ದರೆ ಪ್ರೈಮರಿಗೆ ಪೆಟ್ಟು ಹಗುರಾಗುತ್ತದೆ. ಉಗುರು ಮುರಿದುಕೊಂಡು ಕ್ಲಿಪ್ಪಿನಿಂದ ಖಾಲಿ ಕೇಸು ಕೀಳುವ ತಾಳ್ಮೆಯೂ ನನಗಿಲ್ಲ. ಗುಂಡು ಸುಮಾರು 250 ಗ್ರೇನ್, ವೇಗ ಸೆಕೆಂಡಿಗೆ 725ರಿಂದ 750 ಅಡಿ. ಮದ್ದಿನ ತೂಕ ಬರೆಯುವುದಿಲ್ಲ, ನಿಮ್ಮ ಗನ್ ನನ್ನದಲ್ಲ. ಕೈಪಿಡಿಯ ಕೆಳತುದಿಯಿಂದ ಹತ್ತಿ ಬನ್ನಿ.

ಇದೇ ಹುಮ್ಮಸ್ಸಿನಲ್ಲಿ ಒಂದು ವೆಬ್ಲಿ ಆರನೇ ಮಾದರಿಯನ್ನೂ ಮನೆಗೆ ತಂದೆ. ಬ್ರಿಟಿಷ್ ಸೇನೆ 1915ರಲ್ಲಿ ಒಪ್ಪಿಕೊಂಡದ್ದು, ಆರಿಂಚಿನ ನಳಿಗೆ, ನಡುವಿನ ಕೀಲಿನಲ್ಲಿ ಬಾಗಿಸಿದರೆ ಆರೂ ತೋಟಾ ಒಟ್ಟಿಗೆ ಚಿಮ್ಮುವ ಠೀವಿ. ಅಮೆರಿಕಕ್ಕೆ ಬಂದ ಎಷ್ಟೋ ವೆಬ್ಲಿಗಳಂತೆ ಇದರ ಸಿಲಿಂಡರಿನ ಹಿಂಬದಿಯನ್ನೂ .45 ಎಸಿಪಿ ಕ್ಲಿಪ್ಪಿಗಾಗಿ ಕೆತ್ತಿದ್ದಾರೆ. ಕೆತ್ತಿದ ಮಾತ್ರಕ್ಕೆ ಉಕ್ಕು ಬದಲಾಗುವುದಿಲ್ಲ. .45 ಎಸಿಪಿಯ ಒತ್ತಡ ಚದರ ಇಂಚಿಗೆ 21,000 ಪೌಂಡ್ ತನಕ ಹೋಗುತ್ತದೆ, ವೆಬ್ಲಿಯ ಮೂಲ ತೋಟಾ .455ರದು ಅದಕ್ಕಿಂತ ಬಹಳ ಕಡಿಮೆ. ಕಾರ್ಖಾನೆ ತೋಟಾವನ್ನು ಇದರ ಹತ್ತಿರಕ್ಕೂ ತರುವುದಿಲ್ಲ. ತಮಾಷೆಯೆಂದರೆ ಇಲ್ಲಿ ರೋಗ ತಿರುಗುಮುರುಗು: ನನ್ನ ವೆಬ್ಲಿಯ ಕೊರಳು 0.447, ನಳಿಗೆ 0.450. ಕೊರಳಲ್ಲಿ ಕುಗ್ಗಿದ ಗುಂಡು ನಳಿಗೆಯಲ್ಲಿ ಸಡಿಲ. ಹಳಬರು ಬುಡ ಟೊಳ್ಳಾದ 265 ಗ್ರೇನ್ ಗುಂಡನ್ನು 600 ಅಡಿಯ ವೇಗದಲ್ಲಿ ಬಿಟ್ಟದ್ದು ಸುಮ್ಮನೆ ಅಲ್ಲ. ಬುಡ ಅರಳಿ ತೋಡು ತುಂಬುತ್ತದೆ. ಶುದ್ಧ ಸೀಸಕ್ಕೆ ಹತ್ತಿರದ ಲೋಹದಲ್ಲಿ ಅಂಥದ್ದನ್ನೇ ಎರೆದೆ. ನಾಲ್ಕು ಇಂಚಿಗೆ ಬಂದು ನಿಂತಿದೆ, ಮುಂದೆ ಹೋಗುತ್ತಿಲ್ಲ.

ಕೋಲ್ಟ್ ನ್ಯೂ ಸರ್ವಿಸ್ ರಿವಾಲ್ವರ್ ಒಂದನ್ನು ವರ್ಷದ ಮೇಲೆ ಇಟ್ಟುಕೊಂಡು ಮಾರಿದೆ. ಗುರಿ ಚೆನ್ನಾಗಿತ್ತು, ಆದರೆ ಅದರ ಹಿಡಿ ನನಗಿಂತ ದೊಡ್ಡ ಕೈಯವನಿಗೆ ಮಾಡಿದ್ದು. ಮೇಲಾಗಿ ಒಳಗೆ ಸಿಲಿಂಡರ್ ತಿರುಗಿಸುವ ಕೈಕೀಲು ಸವೆದರೆ ರಿಪೇರಿ ಮಾಡಬಲ್ಲವರನ್ನು ಹುಡುಕುವುದೇ ಸಾಹಸ. ನೂರೈವತ್ತು ಡಾಲರ್ ಲಾಭವಾಯಿತು, ಅಚ್ಚಿಗೆ ಕಳೆದದ್ದು ಅಲ್ಲಿ ಕೂಡಿತು.

1917ರ ಗುರಿಕಣ್ಣಿನ ವಿಷಯ. ಕಣ್ಣು ಸ್ಥಿರ, ತಿರುಪುವಂತಿಲ್ಲ. ಭಾರದ ನಿಧಾನದ ಗುಂಡು 25 ಗಜದಲ್ಲಿ ಮೂರಿಂಚು ಮೇಲೆ ಬೀಳುತ್ತದೆ. ಅರದಿಂದ ಮುಂಗಣ್ಣನ್ನು ಉಜ್ಜಿಕೋ ಎಂದು ಸಲಹೆ ಕೊಟ್ಟವನಿಗೆ ಲೆಕ್ಕವೇ ಗೊತ್ತಿರಲಿಲ್ಲ, ಮುಂಗಣ್ಣು ಗಿಡ್ಡವಾದರೆ ಗುಂಡು ಇನ್ನೂ ಮೇಲಕ್ಕೇ ಹೋಗುತ್ತದೆ. ಕಪ್ಪು ವೃತ್ತದ ತಳಕ್ಕೆ ಗುರಿಯಿಟ್ಟರೆ ನಡುವಿಗೆ ಬೀಳುತ್ತದೆ, ಅಷ್ಟು ಸಾಕು. ಈಗ 225 ಗ್ರೇನಿನ ಒಂದು ಅಚ್ಚಿಗೆ ಹೇಳಿದ್ದೇನೆ, ಬೇರೆ ತಯಾರಕನಿಗೆ. ಒಂದೂವರೆ ಇಂಚು ಕೆಳಗಿಳಿಯಬಹುದೆಂದು ನನ್ನ ಅಂದಾಜು. ಮುಂಗಡವಾಗಿ ಅರ್ಧ ದುಡ್ಡು ಮಾತ್ರ ಕೊಟ್ಟಿದ್ದೇನೆ, ಉಳಿದದ್ದು ಗುಂಡು ಅಳೆದ ಮೇಲೆ.