ನೆಲ ಬಿಟ್ಟು ಜನ ಎಣಿಸಿದೆ: ಸ್ಪೇನ್ ಬಾರದ ಫಿಲಿಪೀನ್ಸ್ ಆಟ ಕಟ್ಟಿದ ನನ್ನ ಅನುಭವ

ಗಡಿ ಇಲ್ಲದ ನಕ್ಷೆಯ ಮೇಲೆ ಬೋರ್ಡ್ ಗೇಮ್ ನಡೆಯುವುದಿಲ್ಲ ಅಂತ ನಮ್ಮ ಭಾನುವಾರದ ಗುಂಪಿನವರು ಮೂರು ವರ್ಷ ಹೇಳಿದರು. ಹೋದ ತಿಂಗಳು ಅದೇ ಗುಂಪು ರಾತ್ರಿ ಒಂದೂವರೆವರೆಗೆ ಕೂತು ನನ್ನ ಆಟ ಆಡಿತು. ಏಳುವಾಗ ಇಬ್ಬರು ತಮಗೂ ಒಂದೊಂದು ಸೆಟ್ ಬೇಕು ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

1521ರಲ್ಲಿ ಮಕ್ತಾನ್ ದ್ವೀಪದ ದಂಡೆಯಲ್ಲಿ ಅಲ್ಲಿಯ ಮುಖಂಡ ಲಾಪುಲಾಪುವಿನ ಜನ ಸ್ಪೇನಿನ ಪರ ಬಂದ ನಾವಿಕ ಮೆಗೆಲನ್‌ನನ್ನು ಕೊಂದರು. 1565ರಲ್ಲಿ ಸ್ಪೇನಿನ ದಂಡನಾಯಕ ಲೆಗಾಸ್ಪಿ ಸೆಬು ದ್ವೀಪಕ್ಕೆ ಬಂದ. 1571ರಲ್ಲಿ ಮನಿಲಾ ಸ್ಪೇನಿನವರ ಕೈಗೆ ಹೋಯಿತು. ನನ್ನ ಆಟದಲ್ಲಿ ಲೆಗಾಸ್ಪಿ ಬರುವುದೇ ಇಲ್ಲ. ಅಲ್ಲಿಂದ 1650ರವರೆಗೆ ಆ ದ್ವೀಪಗಳಲ್ಲಿ ಏನಾಗುತ್ತಿತ್ತು ಅನ್ನುವುದನ್ನು ಆಡಿ ನೋಡಬೇಕು.

ಮೊದಲ ಸಲ ನಾನೂ ಎಲ್ಲರಂತೆ ಆರು ಮೂಲೆಯ ಮನೆಗಳ ನಕ್ಷೆ ಮಾಡಿದೆ. ಊರು ಹಿಡಿ, ಬಣ್ಣ ತುಂಬು. ಎರಡು ಗಂಟೆಯಲ್ಲಿ ಯಾರಾದರೂ ಒಬ್ಬರು ಇಡೀ ದ್ವೀಪಸಮೂಹಕ್ಕೆ ಚಕ್ರವರ್ತಿ ಆಗಿಬಿಡುತ್ತಿದ್ದರು. ನೋಡಲು ಯುರೋಪಿನ ಹಾಗೇ ಇತ್ತು. ಆ ಬಟ್ಟೆಯ ನಕ್ಷೆಗೆ ಸುಮಾರು 14 ಸಾವಿರ ಹೋಯಿತು.

ದಾರಿ ತೋರಿಸಿದ್ದು ಒಂದು ತಾಮ್ರಪಟ. 1989ರಲ್ಲಿ ಲಗೂನಾ ಪ್ರಾಂತ್ಯದಲ್ಲಿ ಸಿಕ್ಕಿದ್ದು. ಅದರಲ್ಲಿ ಶಕ ವರ್ಷ 822, ವೈಶಾಖ ಮಾಸ ಅಂತ ಇದೆ, ಅಂದರೆ ಕ್ರಿ.ಶ. 900. ನಮ್ಮ ಕಡೆಯ ತಾಮ್ರಶಾಸನ ನೋಡಿದವರಿಗೆ ಆ ಮೊದಲ ಸಾಲು ನಮ್ಮದೇ ಅನಿಸುತ್ತದೆ. ಆದರೆ ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ಭೂಮಿ ಇರುತ್ತದೆ, ಅದರ ನಾಲ್ಕು ದಿಕ್ಕಿನ ಎಲ್ಲೆ ಇರುತ್ತದೆ. ಅಲ್ಲಿ ಎಲ್ಲೆಯ ಮಾತಿಲ್ಲ. ನಮ್ವರನ್ ಅನ್ನುವವನ ಚಿನ್ನದ ಸಾಲ ತೀರಿತು, ಅವನ ಮಕ್ಕಳು ಮೊಮ್ಮಕ್ಕಳಿಗೂ ಬಿಡುಗಡೆ ಆಯಿತು ಅಂತ ಇದೆ. ಆವತ್ತೇ ನಕ್ಷೆ ಸುತ್ತಿಟ್ಟೆ.

ಅಲ್ಲಿ ನೆಲ ಬೇಕಾದಷ್ಟಿತ್ತು, ಜನ ಕಡಿಮೆ. ದಾತು ಅಂದರೆ ಊರ ಮುಖಂಡ, ಅವನ ದೊಡ್ಡಸ್ತಿಕೆ ಅವನ ಹಿಂದೆ ಎಷ್ಟು ಜನ ಇದ್ದಾರೆ ಅನ್ನುವುದರಲ್ಲಿತ್ತು. ದೋಣಿ ಏರಿ ದಾಳಿಗೆ ಹೋದವರು ಮುಖ್ಯವಾಗಿ ಜನರನ್ನು ಹಿಡಿದು ತರುತ್ತಿದ್ದರು. ಸಾಲ ತೀರಿಸದವನು ಅಲಿಪಿನ್, ಅಂದರೆ ಒಡೆಯನಿಗೆ ದುಡಿಯುವ ಆಳು ಆಗುತ್ತಿದ್ದ. ಅದರಲ್ಲೂ ಸ್ವಂತ ಮನೆಯಲ್ಲಿ ಇರುವವನು ಬೇರೆ, ಒಡೆಯನ ಮನೆಯಲ್ಲೇ ಇರುವವನು ಬೇರೆ. ಸ್ವತಂತ್ರರಾದ ತಿಮಾವಾಗಳು ದಾತು ಸರಿಯಿಲ್ಲ ಅನಿಸಿದರೆ ಬೇರೆಯವನ ಕಡೆ ಹೋಗಬಹುದಿತ್ತು.

ಹಾಗಾಗಿ ಹೊಸ ಆಟದಲ್ಲಿ ಗೆಲುವಿನ ಲೆಕ್ಕ ಜನರದು. ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಾಕಿಸಿದ ಮರದ ಕಾಯಿಗಳು, ಸೆಟ್‌ಗೆ 120. ಪ್ರತಿ ಕಾಯಿಯ ಅಡಿಯಲ್ಲಿ ಸಾಲದ ಚೀಟಿ. ಚೀನಾದ ಪಿಂಗಾಣಿ, ಕಂಚಿನ ಜಾಗಟೆ, ಚಿನ್ನ ಖರ್ಚು ಮಾಡಿ ಔತಣ ಕೊಡುತ್ತಿರಬೇಕು. ಕೊಡದಿದ್ದರೆ ಕಾಯಿ ಎದ್ದು ಪಕ್ಕದವನ ದೋಣಿಗೆ ಹೋಗುತ್ತದೆ. ಯಾವ ಕಾಯಿ ಮೊದಲು ಹೋಗಬೇಕು ಅನ್ನುವ ನಿಯಮವೇ ಇಡೀ ಆಟದ ಜೀವ. ಅದು ಸಿಗಲು ನನಗೆ ಒಂಬತ್ತು ತಿಂಗಳು ಹಿಡಿಯಿತು. ಇಲ್ಲಿ ಹೇಳುವುದಿಲ್ಲ, ಸೆಟ್ ತಗೊಂಡವರಿಗೆ ಗೊತ್ತಾಗುತ್ತದೆ.

ದೊಡ್ಡ ಪೆಟ್ಟು ಬಿದ್ದದ್ದು ಬೆಳೆಯ ಕಾರ್ಡುಗಳಲ್ಲಿ. ಸಿಹಿಗೆಣಸು, ಮೆಕ್ಕೆಜೋಳ, ತಂಬಾಕು ಎಲ್ಲ ಹಾಕಿದ್ದೆ. ಅವೆಲ್ಲ ಅಮೆರಿಕದ ಬೆಳೆಗಳು, ಸ್ಪೇನಿನ ಹಡಗೇ ಇಲ್ಲದ ಮೇಲೆ ಮನಿಲಾಕ್ಕೆ ಯಾರು ತರುತ್ತಾರೆ? ಇಫುಗಾವೊ ಬೆಟ್ಟದ ಮೆಟ್ಟಿಲು ಗದ್ದೆಗಳಿಗೆ 2,000 ವರ್ಷದ ವಯಸ್ಸು ಕೊಟ್ಟು ಭಾರಿ ಬಲದ ಕಾರ್ಡ್ ಮಾಡಿದ್ದೆ. ಆಮೇಲೆ ಅದೇ ಬೆಟ್ಟದ ಊರು ಹಳೇ ಕಿಯಂಗಾನ್‌ನಲ್ಲಿ ನಡೆದ ಅಗೆತದ ಬಗ್ಗೆ ಓದಿದೆ. ಅಲ್ಲಿ ನೀರು ಕಟ್ಟಿ ಭತ್ತ ಬೆಳೆದದ್ದು ಸ್ಪೇನಿನವರು ಬಂದ ಮೇಲಿನ ಕಾಲದಲ್ಲಿ, ತಪ್ಪಿಸಿಕೊಂಡ ಜನ ಬೆಟ್ಟ ಹತ್ತಿದ ಮೇಲೆ ಅನ್ನುವುದು ಅಗೆದವರ ವಾದ. ಸ್ಪೇನ್ ತೆಗೆದರೆ ಆ ಗದ್ದೆಗಳಲ್ಲಿ ದೊಡ್ಡ ಪಾಲೂ ಹೋಗುತ್ತದೆ, ಅಲ್ವಾ? 40 ಕಾರ್ಡ್ ಎಸೆದೆ. ಬದಲಿ ಕಾರ್ಡ್ ಹಾಕಿದ ಪ್ರಿಂಟಿಂಗ್‌ನವರು ಒತ್ತಕ್ಷರಗಳನ್ನೆಲ್ಲ ಬಿಡಿಸಿ ಅಚ್ಚು ಹಾಕಿಬಿಟ್ಟರು. ಮತ್ತೆ 9 ಸಾವಿರ.

ಗುಂಪಿನ ಬಾಯಿ ಮುಚ್ಚಿಸಿದ್ದು ಮಾತ್ರ ಹಿಂದಿನಿಂದ ಆಡುವ ಪರೀಕ್ಷೆ. 1380ರಿಂದ ಶುರು ಮಾಡಿ 1520ಕ್ಕೆ ನಿಲ್ಲಿಸುವುದು. ಆ ಅವಧಿಯಲ್ಲಿ ನಿಜವಾಗಿ ಏನಾಯಿತು ಅಂತ ಗೊತ್ತಲ್ಲ. ದಕ್ಷಿಣದ ಸುಲು ಮತ್ತು ಮಗಿಂದನಾವೊದಲ್ಲಿ ಸುಲ್ತಾನರು ಬರಬೇಕು, ಮನಿಲಾದವರಿಗೆ ಬ್ರೂನೈ ಜೊತೆ ನಂಟಸ್ತಿಕೆ ಬೆಳೆಯಬೇಕು, ಸೆಬು ಒಳ್ಳೆಯ ರೇವಾಗಬೇಕು. ಮೊದಲ ಎಂಟು ಆಟದಲ್ಲೂ ಬುತುವಾನ್ ಮೇಲೇಳುತ್ತಿತ್ತು. ಬುತುವಾನ್ 1001ರಲ್ಲೇ ಚೀನಾದ ಸೊಂಗ್ ದರಬಾರಿಗೆ ದೂತರನ್ನು ಕಳಿಸಿದ ಊರು, ನಾನು ಆ ಹಳೆಯ ಗೌರವಕ್ಕೆ ಜಾಸ್ತಿ ಅಂಕ ಕೊಟ್ಟಿದ್ದೆ. 1417ರಲ್ಲಿ ಸುಲುವಿನ ಅರಸನೇ ಯೊಂಗ್ಲೆ ಚಕ್ರವರ್ತಿಯನ್ನು ಕಾಣಲು ಚೀನಾಕ್ಕೆ ಹೋಗಿದ್ದ. ಅಂಕವನ್ನು ಆ ಕಡೆಗೆ ತಿರುಗಿಸಿದೆ. ಆಮೇಲೆ ಹತ್ತರಲ್ಲಿ ಏಳು ಸಲ ಸರಿ ಬಂತು. ಆಗಲೇ 1521 ದಾಟಲು ಬಿಟ್ಟೆ.

ಈವರೆಗೆ ಸುಮಾರು 35 ಆಟ ಆಗಿದೆ. ಎಲ್ಲ ದ್ವೀಪಗಳೂ ಒಬ್ಬನ ಕೈಗೆ ಬಂದದ್ದು ಒಂದು ಸಲವೂ ಇಲ್ಲ. ಮನಿಲಾ ಕೊಲ್ಲಿ ಮುಂದೆ ಬರುತ್ತದೆ, ಇಸ್ಲಾಂ ಅರ್ಧಕ್ಕಿಂತ ಜಾಸ್ತಿ ಆಟಗಳಲ್ಲಿ ನಡುವಿನ ವಿಸಾಯ ದ್ವೀಪಗಳವರೆಗೆ ಬರುತ್ತದೆ. ಆದರೆ ಮನಿಲಾ ಮಹಾನಗರ ಆಗುವುದಿಲ್ಲ. ಗುಂಪಿಗೆ ಇದು ಹಿಡಿಸಲಿಲ್ಲ, ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಇದರಲ್ಲೇ. 1567ರ ಹೊತ್ತಿಗೆ ಚೀನಾದ ಮಿಂಗ್ ದೊರೆಗಳು ಸಮುದ್ರ ವ್ಯಾಪಾರದ ನಿಷೇಧ ಸಡಿಲಿಸಿದರು, ಅಲ್ಲಿಯ ಕರಾವಳಿ ಪ್ರಾಂತ್ಯ ಫೂಜಿಯನ್‌ನ ಹಡಗುಗಳು ಹೇಗಿದ್ದರೂ ಬರುತ್ತವೆ. ಅವರಿಗೆ ಬೇಕಾದದ್ದು ಬೆಳ್ಳಿ. ಸ್ಪೇನಿನ ಹಡಗುಗಳು ಮೆಕ್ಸಿಕೋದ ಅಕಪುಲ್ಕೊ ರೇವಿನಿಂದ ತರುತ್ತಿದ್ದ ಬೆಳ್ಳಿ ಇಲ್ಲದೆ ಜೇನುಮೇಣ, ಹತ್ತಿ, ಜಿಂಕೆ ಚರ್ಮ, ಸ್ವಲ್ಪ ಚಿನ್ನಕ್ಕೆ ಎಷ್ಟು ಹಡಗು ಬಂದಾವು? ಡಚ್ಚರ ಕಾರ್ಡೂ ಇದೆ, 1602ರ ನಂತರ. ಲವಂಗ, ಜಾಯಿಕಾಯಿ ಇರುವುದು ದಕ್ಷಿಣದ ಮಲುಕು ದ್ವೀಪಗಳ ಕಡೆ. ಹಾಗಾಗಿ ಹೆಚ್ಚಿನ ಆಟಗಳಲ್ಲಿ ಅವರು ಒಂದು ಕೋಟೆ ಕಟ್ಟಿ ಸುಮ್ನಾಗುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಅಲ್ಲಿಯವರೂ ಎಲೆಅಡಿಕೆ ಹಾಕುವವರು ಅಂತ ಮರದ ಕಾಯಿಯ ಬದಲು ಗೋಟಡಿಕೆ ಇಟ್ಟೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯಿತು. ಅಲ್ಲಿಯ ಹಳೆಯ ಬೈಬಾಯಿನ್ ಲಿಪಿಯ ಕಾರ್ಡು ಮಾತ್ರ ಚೆನ್ನಾಗಿ ಗೆದ್ದಿತು. ಅದರಲ್ಲಿ ಅಕ್ಷರದ ಮೇಲೆ ಚುಕ್ಕೆ ಇಟ್ಟರೆ ಇ ಅಥವಾ ಎ, ಕೆಳಗೆ ಇಟ್ಟರೆ ಉ ಅಥವಾ ಒ. ಪದದ ಕೊನೆಯ ವ್ಯಂಜನ ಬರೆಯುವುದೇ ಇಲ್ಲ. ನಂಟ ದಾತುವಿನ ಓಲೆ ಬಂದಾಗ ಆಟಗಾರ ಆ ಅಕ್ಷರ ಊಹಿಸಿ ಓದಬೇಕು. ಕಾಗುಣಿತ ಕಲಿತ ನಮ್ಮ ಮಕ್ಕಳು ದೊಡ್ಡವರಿಗಿಂತ ಬೇಗ ಹಿಡಿದರು.

ಪೆಟ್ಟಿಗೆಯ ಮೇಲೆ ಫಿಲಿಪೀನ್ಸ್ ಅಂತ ಬರೆದಿಲ್ಲ. ಅದು ಸ್ಪೇನಿನ ಫಿಲಿಪ್ ಹೆಸರಿನಿಂದ ಬಂದದ್ದು. ಬಲಂಗಾಯ್ ಅಂತ ಬರೆದಿದ್ದೇನೆ. ಅದು ದೋಣಿಯ ಹೆಸರು, ಊರಿಗೆ ಬಾರಂಗಾಯ್ ಅನ್ನುವುದೂ ಅದರಿಂದಲೇ.

ಒಟ್ಟು 60 ಸಾವಿರದ ಮೇಲೆ ಹೋಗಿದೆ. 3,200ರಂತೆ 11 ಸೆಟ್ ಮಾರಿದ್ದೇನೆ. ಚನ್ನಪಟ್ಟಣಕ್ಕೆ ಇನ್ನೂ 20 ಸೆಟ್‌ನ ಕಾಯಿ ಹೇಳಿ ಬಂದಿದ್ದೇನೆ, ದೀಪಾವಳಿ ಹೊತ್ತಿಗೆ ಕೊಡುತ್ತಾರಂತೆ.