ನಾಯಿ ಕಚ್ಚಿದ ಮೇಲಿನ ಮೊದಲ ಕಾಲು ಗಂಟೆ

ಮೊದಲು ಗಾಯ ತೊಳೆಯಿರಿ. ಹರಿಯುವ ನೀರಿನ ಕೆಳಗೆ ಹಿಡಿದು, ಸೋಪು ಹಚ್ಚಿ, ಕನಿಷ್ಠ 15 ನಿಮಿಷ. ಗಡಿಯಾರ ನೋಡಿಯೇ ತೊಳೆಯುವುದು ಒಳ್ಳೆಯದು. ಗಾಬರಿಯಲ್ಲಿದ್ದವರಿಗೆ ಎರಡು ನಿಮಿಷವೂ ಬಹಳ ಹೊತ್ತೆನಿಸುತ್ತದೆ. ರೇಬಿಸ್ ವೈರಾಣುವಿನ ಹೊರಪದರ ಕೊಬ್ಬಿನದು, ಸೋಪು ಅದನ್ನು ಒಡೆದುಹಾಕುತ್ತದೆ. ಮೊದಲನೇ ಶತಮಾನದ ರೋಮಿನಲ್ಲಿ ವೈದ್ಯಗ್ರಂಥ ಬರೆದ ಸೆಲ್ಸಸ್, ಹುಚ್ಚುನಾಯಿ ಕಚ್ಚಿದರೆ ವಿಷವನ್ನು ಹೀರಿ ತೆಗೆದು ಗಾಯವನ್ನು ಸುಡಬೇಕೆಂದು ಬರೆದಿದ್ದ. ಕ್ರೂರ ಉಪಾಯ, ಆದರೆ ಗಾಯದಲ್ಲೇ ರೋಗವನ್ನು ತಡೆಯಬೇಕೆಂಬ ಲೆಕ್ಕ ಸರಿಯಾಗಿಯೇ ಇತ್ತು. ಅದೇ ಶತಮಾನದ ರೋಮನ್ ಲೇಖಕ ಪ್ಲಿನಿಯ ಬರಹದಲ್ಲಿ ಕಚ್ಚಿದ ನಾಯಿಯ ಬಾಲದ ಕೂದಲನ್ನು ಸುಟ್ಟು, ಆ ಬೂದಿಯನ್ನು ಗಾಯಕ್ಕೆ ತುಂಬುವ ಮದ್ದಿದೆ. ಬೂದಿಯ ಬದಲು ಪುಡಿ, ಎಣ್ಣೆ ಹಚ್ಚುವುದೂ ಅಷ್ಟೇ ನಿಷ್ಪ್ರಯೋಜಕ. ಅಯೋಡಿನ್ ದ್ರಾವಣ ಸಾಕು.

ಬಳಿಕ ಆಸ್ಪತ್ರೆಗೆ, ಅದೇ ದಿನ. ವೈರಾಣು ನರಗಳ ಹಾದಿ ಹಿಡಿದು ಮಿದುಳಿನತ್ತ ಸಾಗುತ್ತದೆ. ಸಾಮಾನ್ಯವಾಗಿ ಲಕ್ಷಣ ಕಾಣಲು ಒಂದರಿಂದ ಮೂರು ತಿಂಗಳು ಬೇಕು. ಕಚ್ಚಿದ ಮೇಲೂ ಲಸಿಕೆ ಫಲಿಸುವುದು ಈ ಬಿಡುವಿನಿಂದಲೇ. 1885ರ ಜುಲೈ 6ರಂದು ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ನೆಚ್ಚಿಕೊಂಡಿದ್ದೂ ಇದನ್ನೇ. ಹುಚ್ಚುನಾಯಿ ಕಚ್ಚಿದ್ದ ಒಂಬತ್ತು ವರ್ಷದ ಜೋಸೆಫ್ ಮೈಸ್ಟರ್‌ಗೆ ಅಂದಿನಿಂದ ಮೊಲದ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಲಸಿಕೆಯ 13 ಚುಚ್ಚುಮದ್ದು ಕೊಡಲಾಯಿತು. ಪಾಶ್ಚರ್ ವೈದ್ಯರಲ್ಲ, ಹಾಗಾಗಿ ಚುಚ್ಚಿದ್ದು ಡಾ. ಗ್ರಾಂಷೆ. ಹುಡುಗ ಬದುಕಿದ.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಹೆದರಿಕೆ ಮಾತ್ರ ಇನ್ನೂ ಹೋಗಿಲ್ಲ. 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ವಿಧಾನದಲ್ಲಿ ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಲಸಿಕೆಯ ನೆನಪು ಅದು. ಕೆಲವರಲ್ಲಿ ಅದು ನರಮಂಡಲಕ್ಕೇ ಹಾನಿ ಮಾಡುತ್ತಿತ್ತು. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ತೋಳಿಗೆ, ಚಿಕ್ಕ ಮಕ್ಕಳಿಗೆ ತೊಡೆಗೆ ಹಾಕುತ್ತಾರೆ, ಪೃಷ್ಠಕ್ಕೆ ಹಾಕುವುದಿಲ್ಲ. ಸ್ನಾಯುವಿಗೆ ಹಾಕುವ ಐದು ಡೋಸ್‌ಗಳ ಕ್ರಮದಲ್ಲಿ ದಿನಗಳು 0, 3, 7, 14 ಮತ್ತು 28. ನೋವು ಕಡಿಮೆಯಾಯಿತೆಂದು ನಡುವೆ ಬಿಡಬೇಡಿ.

ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯೊಂದೇ ಸಾಲದು. ದೇಹ ತನ್ನದೇ ಪ್ರತಿಕಾಯ ತಯಾರಿಸಲು ಒಂದೆರಡು ವಾರ ಹಿಡಿಯುತ್ತದೆ. ಆವರೆಗಿನ ರಕ್ಷಣೆಗೆ ಗಾಯದೊಳಗೂ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಮದ್ದು, ಚುಚ್ಚಬೇಕು. ವೈದ್ಯರು ಹೇಳದಿದ್ದರೆ ನೀವೇ ಕೇಳಿ. ಗಾಯಕ್ಕೆ ತಕ್ಷಣ ಹೊಲಿಗೆ ಹಾಕಿಸುವ ಆತುರವೂ ಬೇಡ.

ನಾಯಿ ಸಿಕ್ಕರೆ ಹತ್ತು ದಿನ ಕಣ್ಣಿಟ್ಟಿರಿ, ಆದರೆ ಅದರ ಗತಿ ನೋಡಿಕೊಂಡು ಮೊದಲ ಡೋಸ್ ಮುಂದೂಡಬೇಡಿ. ಬಾವಲಿಯಿಂದಲೂ ರೇಬಿಸ್ ಬರಬಹುದು, ಅದರ ಹಲ್ಲಿನ ಗುರುತು ಕಣ್ಣಿಗೆ ಕಾಣದಷ್ಟು ಸಣ್ಣದಿರಬಹುದು. ಅದು ಮೈಗೆ ತಾಕಿದ್ದರೂ ವೈದ್ಯರಿಗೆ ತಿಳಿಸಿ.